ಮೆರೆಯೋಕೆ ಬೆಳಕು, ನೋಡೋಕೆ ಕತ್ತಲು

ನನ್ನ ಎಲೆಕ್ಟ್ರಿಕ್ ಕಾರಿನ ಲಾಕ್ ತೆಗೆದರೆ ಸಾಕು, ಮೂತಿಯ ಉದ್ದಕ್ಕೂ ಎಡದಿಂದ ಬಲಕ್ಕೆ ಬೆಳಕಿನ ಪಟ್ಟಿ ಓಡುತ್ತೆ. ಕುರುಗೋಡಿನಲ್ಲಿ ಅಕ್ಕನ ಮಗ ಅದನ್ನ ಹತ್ತು ಸಲ ಮಾಡಿಸಿ ನೋಡಿದ. "ಮಾಮಾ, ಇನ್ನೊಂದ್ ಸಲ." ಅದೇ ರಾತ್ರಿ ಅದೇ ಕಾರು, ರಸ್ತೆ ಮೇಲಿದ್ದ ನೆಲ್ಲಿನ ರಾಶಿಯನ್ನ ನಲವತ್ತು ಹೆಜ್ಜೆ ಹತ್ತಿರ ಹೋಗೋವರೆಗೂ ನನಗೆ ತೋರಿಸಲಿಲ್ಲ.

ಕಳೆದ ಡಿಸೆಂಬರ್. ಬೆಂಗಳೂರಿಂದ ಬಂದು, ಬಳ್ಳಾರಿಯಲ್ಲಿ ಚಾರ್ಜಿಗೆ ಹಾಕಿ, ಅಕ್ಕನ ಮನೇಲಿ ಉಂಡು, ಒಂಬತ್ತೂವರೆಗೆ ಸಿರುಗುಪ್ಪ ಕಡೆ ನಮ್ಮೂರಿಗೆ ಹೊರಟಿದ್ದೆ. ಬಳ್ಳಾರಿ ಊರೊಳಗೆ, ರಾಯಲ್ ಸರ್ಕಲ್ ಸುತ್ತಮುತ್ತ, ಹೆಡ್‌ಲೈಟ್ ಹಾಕೋದು ಮರೆತರೂ ಗೊತ್ತಾಗಲ್ಲ. ಬೀದಿದೀಪ, ಅಂಗಡಿ ದೀಪಗಳೇ ಸಾಕು. ಕುರುಗೋಡಿನ ಒಳದಾರಿ ಮುಗಿದು ಸಿರುಗುಪ್ಪ ಹೆದ್ದಾರಿ ಸೇರಿದ ಮೇಲೆ ಕತ್ತಲೆ ಅಂದ್ರೆ ಏನು ಅಂತ ಗೊತ್ತಾಗೋದು. ಎರಡೂ ಕಡೆ ತುಂಗಭದ್ರಾ ಕಾಲುವೆ ನೀರು ಕುಡಿದ ಗದ್ದೆ, ನಡುವೆ ಕಪ್ಪು ಟಾರು.

ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ರಸ್ತೆ ಅಂಚೇ ಕಣ. ಹಗಲು ನೆಲ್ಲು ಹರವಿ, ಸಂಜೆ ಗುಡ್ಡೆ ಮಾಡಿ, ತಾಡಪತ್ರಿ ಹೊದಿಸಿ, ಗಾಡಿ ಹತ್ತಬಾರದು ಅಂತ ಸುತ್ತ ಕಲ್ಲು ಇಡ್ತಾರೆ. ಪಕ್ಕದಲ್ಲಿ ಒಬ್ಬರು ಕಾವಲು ಮಲಗಿರ್ತಾರೆ. ರಸ್ತೆಗೆ ನೆಲ್ಲು ಹಾಕೋದು ತಪ್ಪು, ಒಪ್ಪಿದೆ. ಆದ್ರೆ ಹತ್ತನೇ ಕ್ಲಾಸಿನವರೆಗೂ ಹಂಗೆ ಕಾವಲು ಮಲಗಿದವನು ನಾನು. ಆ ರಾಶಿ ಅಲ್ಲಿರುತ್ತೆ ಅಂತ ಗೊತ್ತಿದ್ದವನಿಗೇ ಅದು ಕಾಣಲಿಲ್ಲ ಅನ್ನೋದು ನನ್ನ ತಕರಾರು.

ಎದುರಿಗೆ ಲಾರಿ. ಅವನು ಡಿಪ್ ಮಾಡಿದ, ನಾನೂ ಮಾಡಿದೆ. ಸ್ಪೀಡು ಐವತ್ತರ ಆಸುಪಾಸು. ಲಾರಿ ದಾಟಿದ ಕೂಡಲೇ ಎಡಗಡೆ ಸಾಲಾಗಿ ಕಲ್ಲು, ಹಿಂದೆ ಕಪ್ಪು ತಾಡಪತ್ರಿ. ಬ್ರೇಕ್ ತುಳಿದೆ. ಮುಂದಿನ ಟೈರು ಮೊದಲನೇ ಕಲ್ಲಿಗೆ ತಾಕಿ ನಿಂತಿತು. ರಾಶಿ ಪಕ್ಕದಿಂದ ಕಂಬಳಿ ಮೇಲೆದ್ದಿತು, ಒಳಗೊಬ್ಬ ತಾತ. "ಯಾಕಪಾ, ಕಣ್ಣು ಕಾಣಲ್ಲೇನು ನಿನಗೆ?"

ಕಾಣಲ್ಲ ತಾತ, ನಿಜ.

ಸರ್ವಿಸ್ ಸೆಂಟರಿನಲ್ಲಿ ಇದನ್ನ ಮೊದಲೇ ಹೇಳಿದ್ದೆ. "ಎಲ್‌ಇಡಿ ಸರ್, ವೈಟ್ ಲೈಟು, ಎಲ್ಲಾ ಕಾರೂ ಹಿಂಗೇ" ಅಂದಿದ್ರು. ಊರಿನ ಗೆಳೆಯರು ಹಳದಿ ಬಲ್ಬೇ ಚೆನ್ನಾಗಿತ್ತು ಅಂತಾರೆ. ನನಗೆ ಬಣ್ಣದ ಜಗಳ ಬೇಡ. ಬೆಳಕು ಎಲ್ಲಿ ಬೀಳುತ್ತೆ ಅನ್ನೋದಷ್ಟೇ ಪ್ರಶ್ನೆ. ಅದನ್ನ ಅಳೆಯೋಕೆ ಬಿಇ ಕೂಡ ಬೇಡ, ಒಂದು ಗೋಡೆ, ಒಂದು ಟೇಪು ಸಾಕು.

ಮಾರನೇ ರಾತ್ರಿ ನಮ್ಮೂರ ಶಾಲೆ ಗೋಡೆ ಎದುರು, ಸಮ ನೆಲದ ಮೇಲೆ, 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿದೆ. ಲೋ ಬೀಮ್ ಬೆಳಕಿಗೆ ಮೇಲೊಂದು ಗೆರೆ ಇರುತ್ತೆ, ಅದರ ಮೇಲೆ ಕತ್ತಲು. ಎದುರಿನವರ ಕಣ್ಣಿಗೆ ಹೊಡೀಬಾರದು ಅಂತ ಆ ಗೆರೆಯನ್ನ ಸ್ವಲ್ಪ ಕೆಳಗೆ ಇಳಿಸಿರ್ತಾರೆ. ನನ್ನ ದೀಪ ನೆಲದಿಂದ 70 ಸೆಂಟಿಮೀಟರ್ ಎತ್ತರ. ಗೆರೆ 10 ಮೀಟರಿಗೆ 10 ಸೆಂಟಿಮೀಟರ್ ಇಳಿದರೆ ಬೆಳಕು 70 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತೆ. ನನ್ನ ಕಾರಲ್ಲಿ ಇಳಿದಿದ್ದು 22. ಅಂದ್ರೆ 32 ಮೀಟರಿಗೇ ಬೆಳಕು ಖಲಾಸ್. ನಲವತ್ತು ಹೆಜ್ಜೆ ಲೆಕ್ಕ ಸರಿಹೋಯ್ತು.

ಅರ್ಧ ತಪ್ಪು ನಂದೇ ಅನ್ನಿ. ಹಿಂದೆ ಜನ, ಸಾಮಾನು ತುಂಬಿ ಕಾರಿನ ಮೂತಿ ಎದ್ದಾಗ ಬೆಳಕು ತಗ್ಗಿಸೋಕೆ ಒಂದು ಸೆಟ್ಟಿಂಗ್ ಇರುತ್ತೆ, 0ರಿಂದ 3ರವರೆಗೆ. ಹಳೇ ಕಾರುಗಳಲ್ಲಿ ಸ್ಟೇರಿಂಗ್ ಪಕ್ಕ ಸಣ್ಣ ಚಕ್ರ. ನನ್ನ ಕಾರಲ್ಲಿ ಅದು ಸ್ಕ್ರೀನ್ ಒಳಗೆ, ಮೂರು ಮೆನು ಆಳದಲ್ಲಿ ಕೂತಿತ್ತು, ಯಾರಿಟ್ಟರೋ 2ರಲ್ಲಿ. ಒಂದು ಬಟನ್ನನ್ನ ಮೆನುವಿನೊಳಗೆ ಹೂಳೋ ನಿರ್ಧಾರ ಎಂಥ ಮೀಟಿಂಗಲ್ಲಿ ಆಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು, ಅಂಥ ಮೀಟಿಂಗಲ್ಲಿ ನಾನೂ ತಲೆ ಆಡಿಸಿದ್ದೀನಿ. 0ಗೆ ತಂದೆ. ಇಳಿಕೆ 15ಕ್ಕೆ ಬಂತು, ಬೆಳಕು 47 ಮೀಟರಿಗೆ.

ಸಾಕಾ? ಗಂಟೆಗೆ 80 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 22 ಮೀಟರ್. ಕಂಡು ಬ್ರೇಕ್ ತುಳಿಯೋಕೆ ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್, ಒಣ ರಸ್ತೇಲಿ ನಿಲ್ಲೋಕೆ ಇನ್ನೊಂದು 36. ಒಟ್ಟು ಹೆಚ್ಚುಕಮ್ಮಿ 70. ಲೋ ಬೀಮಲ್ಲಿ ನನ್ನ ಕಾರಿನ ಯೋಗ್ಯತೆ 60ಕ್ಕೆ ಮುಗೀತು. ಇನ್ನೂ ಎತ್ತಿದರೆ ಎದುರಿನ ಬೈಕಿನವನು ಕುರುಡ. ಒಳ್ಳೇ ದೀಪ ಇದಕ್ಕೊಂದು ಉಪಾಯ ಮಾಡುತ್ತೆ, ಎಡಗಡೆ ಮಾತ್ರ ಆ ಗೆರೆ ಮೇಲೇರುತ್ತೆ. ನಡೆಯೋರು, ಸೈಕಲ್ಲು, ಕೆಂಪು ದೀಪವಿಲ್ಲದ ಟ್ರಾಲಿ, ನೆಲ್ಲಿನ ರಾಶಿ ಎಲ್ಲಾ ಇರೋದು ಎಡಕ್ಕೇ ಅಲ್ವಾ. ನನ್ನ ಕಾರಲ್ಲೂ ಗೆರೆ ಏರುತ್ತೆ. ಅಲ್ಲಿ ಬೆಳಕು ಮಾತ್ರ ನೀರು ಮಜ್ಜಿಗೆ. ಕಾರಿನ ಮೂತಿ ಮುಂದಿನ ಐದಾರು ಮೀಟರಲ್ಲಿ ಟಾರಿನ ಕಲ್ಲು ಎಣಿಸಬಹುದು, ಅಷ್ಟು ಬೆಳಕು. ಅಲ್ಲಿ ಯಾರಿಗೆ ಬೇಕು?

ಬ್ಯಾಟರಿ ಉಳಿಸೋಕೆ ಹಿಂಗೆ ಮಾಡಿರ್ತಾರೆ ಅಂತ ಒಬ್ಬ ಗೆಳೆಯ ವಾದಿಸಿದ. ಸುಳ್ಳು. ಎರಡೂ ದೀಪ ಸೇರಿ 100 ವ್ಯಾಟ್ ಅಂದ್ಕೊಳ್ಳಿ, ಒಂದು ಗಂಟೆ ಉರಿದರೂ ಒಂದು ಕಿಲೋಮೀಟರ್ ರೇಂಜ್ ಕಮ್ಮಿಯಾಗಲ್ಲ. ದುಡ್ಡಿನ ಮಾತೂ ಅಲ್ಲ, ಓಡೋ ಬೆಳಕಿನ ಪಟ್ಟಿಗೆ, ಡೋರಿನೊಳಗಿನ ಅರವತ್ತನಾಲ್ಕು ಬಣ್ಣಕ್ಕೆ ದುಡ್ಡಿತ್ತು. ಕೊಳ್ಳೋವಾಗ ಯಾರೂ ಕೇಳಲ್ಲ, ಅದಕ್ಕೆ ಯಾರೂ ಕೊಡಲ್ಲ, ಅಷ್ಟೇ. ನಾನು ಟೆಸ್ಟ್ ಡ್ರೈವ್ ಮಾಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ನೋಡಿದ ರಿವ್ಯೂಗಳೆಲ್ಲ ಹಗಲಿನವು. ನೂರು ತಲುಪೋಕೆ ಎಷ್ಟು ಸೆಕೆಂಡ್, ಸನ್‌ರೂಫ್ ಎಷ್ಟು ಅಗಲ, ಬರೀ ಇದೇ. 2023ರಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಸ್ಟಾರುಗಳನ್ನ ನಾವು ಹೆಮ್ಮೆಯಿಂದ ಎಣಿಸ್ತೀವಿ, ಅದರ ಅಂಕಪಟ್ಟಿಯಲ್ಲಿ ಹೆಡ್‌ಲೈಟ್ ಎಷ್ಟು ದೂರ ತೋರಿಸುತ್ತೆ ಅನ್ನೋ ಸಬ್ಜೆಕ್ಟೇ ಇಲ್ಲ. ಅಮೆರಿಕದಲ್ಲಿ ವಿಮಾ ಕಂಪನಿಗಳ ದುಡ್ಡಲ್ಲಿ ನಡೆಯೋ ಐಐಎಚ್‌ಎಸ್ ಸಂಸ್ಥೆ 2016ರಲ್ಲಿ ಮೊದಲ ಸಲ ಹೆಡ್‌ಲೈಟಿಗೆ ಅಂಕ ಕೊಟ್ಟಾಗ, 31 ಮಧ್ಯಮ ಗಾತ್ರದ ಕಾರುಗಳಲ್ಲಿ 'ಉತ್ತಮ' ಅನ್ನಿಸಿಕೊಂಡದ್ದು ಒಂದೇ ಒಂದು. ಆಮೇಲೆ ತಮ್ಮ ದೊಡ್ಡ ಪ್ರಶಸ್ತಿಗೆ ಅದನ್ನೂ ಷರತ್ತು ಮಾಡಿದರು. ಅಂಕ ಇದ್ದರೆ ತಾನೇ ಹುಡುಗರು ಓದೋದು?

ಗ್ಯಾರೇಜಿನವನು ಎಕ್ಸ್‌ಟ್ರಾ ಲೈಟ್ ಹಾಕಿಕೊಡ್ತೀನಿ ಅಂದ. ಬೇಡ ಅಂದೆ. ಆ ಲೈಟಿನವರು ಎದುರಿಗೆ ಬಂದಾಗ ನಾನು ಬೈಯೋದನ್ನ ಯಾರು ನಿಲ್ಲಿಸ್ತಾರೆ? ಈಗ ರಾತ್ರಿ ಆ ದಾರೀಲಿ ಐವತ್ತರಲ್ಲೇ ಹೋಗ್ತೀನಿ, ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ.

ಹೋದ ವಾರ ಆಫೀಸಿನ ಗೆಳೆಯನೊಬ್ಬ ಎಲೆಕ್ಟ್ರಿಕ್ ಕಾರು ತಗೋಬೇಕು, ಏನು ನೋಡ್ಲಿ ಅಂದ. ರಾತ್ರಿ ಎಂಟರ ಮೇಲೆ, ಬೀದಿದೀಪ ಇಲ್ಲದ ರಸ್ತೇಲಿ ಟೆಸ್ಟ್ ಡ್ರೈವ್ ಕೇಳು ಅಂದೆ. ಕೇಳಿದನಂತೆ. ಶೋರೂಮ್ ಏಳೂವರೆಗೆ ಮುಚ್ಚುತ್ತಂತೆ.