ಬಾರ್ಟ್ ಕಲಿತ ಸ್ಪ್ಯಾನಿಷ್, ರಿಯೊ ಕಳೆದುಕೊಂಡ ಪೋರ್ಚುಗೀಸ್: ಸಿಂಪ್ಸನ್ ಕುಟುಂಬದ ಒಂದು ಪ್ರವಾಸವನ್ನು ಕುರಿತು

ಅಮೆರಿಕದ ಅನಿಮೇಷನ್ ಸಿಟ್‌ಕಾಮ್ ‘ದ ಸಿಂಪ್ಸನ್ಸ್’ 1989ರ ಡಿಸೆಂಬರಿನಲ್ಲಿ ಆರಂಭವಾಯಿತು. ಆ ಕುಟುಂಬ ಪರದೇಶಕ್ಕೆ ಹೊರಟಾಗಲೆಲ್ಲ ಒಂದಲ್ಲ ಒಂದು ಅನಾಹುತ ಕಾದಿರುತ್ತದೆ: 1995ರಲ್ಲಿ ಆಸ್ಟ್ರೇಲಿಯಾ, 1999ರಲ್ಲಿ ಟೋಕಿಯೊ, 2002ರಲ್ಲಿ ರಿಯೊ ಡಿ ಜನೈರೊ. ಈ ಸಂಚಿಕೆಗಳ ಚರ್ಚೆ ಬಹುಮಟ್ಟಿಗೆ ದೇಶವೊಂದರ ಚಿತ್ರಣ ನ್ಯಾಯವೇ ಅನ್ಯಾಯವೇ ಎಂಬಲ್ಲಿಗೆ ನಿಲ್ಲುತ್ತದೆ. ಕುಟುಂಬ ಹೋದ ಊರಿನ ಭಾಷೆ ಕಥೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಇದಕ್ಕೆ ರಿಯೊ ಸಂಚಿಕೆಯೇ ತಕ್ಕ ಪಠ್ಯ. ಏಕೆಂದರೆ ಭಾಷೆಯ ಪ್ರಶ್ನೆಯನ್ನು ಅದು ತಾನಾಗಿಯೇ ಎತ್ತಿ, ಮರುಕ್ಷಣವೇ ಕೈಬಿಡುತ್ತದೆ.

2002ರ ಮಾರ್ಚ್ 31ರಂದು ಪ್ರಸಾರವಾದ ‘ಬ್ಲೇಮ್ ಇಟ್ ಆನ್ ಲಿಸಾ’ದ ಕಥೆ ಸರಳ. ಬ್ರೆಜಿಲಿಗೆ ಮಾಡಿದ ಫೋನ್ ಕರೆಯ ದುಬಾರಿ ಬಿಲ್ಲಿನಿಂದಾಗಿ, ಲಿಸಾ ರೊನಾಲ್ಡೊ ಎಂಬ ಅನಾಥ ಬಾಲಕನಿಗೆ ಹಣ ಕಳಿಸುತ್ತಿದ್ದ ಸಂಗತಿ ಹೊರಬೀಳುತ್ತದೆ. ಹುಡುಗ ಕಾಣೆಯಾಗಿದ್ದಾನೆ. ಅವನನ್ನು ಹುಡುಕಲು ಹೊರಟ ಕುಟುಂಬದಲ್ಲಿ ಹೋಮರ್‌ನೇ ಟ್ಯಾಕ್ಸಿಯೊಂದರಲ್ಲಿ ಅಪಹೃತನಾಗುತ್ತಾನೆ. 50,000 ಡಾಲರ್ ಒತ್ತೆಹಣದ ಬೇಡಿಕೆ ಬರುತ್ತದೆ. ಕೊನೆಗೆ ಬಾರ್ಟ್ ಹಾವಿನ ಹೊಟ್ಟೆ ಸೇರುತ್ತಾನೆ. ರಿಯೊ ನಗರದ ಪ್ರವಾಸೋದ್ಯಮ ಸಂಸ್ಥೆ ರಿಯೊಟುರ್ ಮೊಕದ್ದಮೆಯ ಮಾತೆತ್ತಿತು. ಅಂದಿನ ಅಧ್ಯಕ್ಷ ಫೆರ್ನಾಂಡೊ ಎನ್ರೀಕ್ ಕಾರ್ಡೊಸೊ ಅವರೂ ಅಸಮಾಧಾನ ವ್ಯಕ್ತಪಡಿಸಿದರು. ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್ ಕ್ಷಮೆ ಕೇಳಿದರಾದರೂ, ಅದು ಸಾಲದಿದ್ದರೆ ಹೋಮರ್ ಬ್ರೆಜಿಲಿನ ಅಧ್ಯಕ್ಷರೊಡನೆ ಮುಷ್ಟಿಯುದ್ಧಕ್ಕೆ ಸಿದ್ಧನೆಂದು ಸೇರಿಸಿದರು. ಇಂತಹ ಸಂಚಿಕೆಗಳ ಪರವಾಗಿ ಹೇಳುವ ಮಾತು ಒಂದೇ: ಅಣಕಕ್ಕೆ ಗುರಿಯಾಗುವುದು ಆತಿಥೇಯ ದೇಶವಲ್ಲ, ಏನೂ ತಿಳಿಯದೆ ಎಲ್ಲೆಡೆ ನುಗ್ಗುವ ಅಮೆರಿಕದ ಪ್ರವಾಸಿ. ಕಥೆಯ ಮಟ್ಟದಲ್ಲಿ ಈ ವಾದಕ್ಕೆ ಆಧಾರವಿದೆ. ಭಾಷೆಯ ಮಟ್ಟದಲ್ಲಿ ಅದು ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ವಾದದ ಬಲವಾದ ಸಾಕ್ಷ್ಯ ಬಾರ್ಟ್‌ನ ಸ್ಪ್ಯಾನಿಷ್. ಪ್ರವಾಸದ ಸಿದ್ಧತೆಯೆಂದು ಅವನು ಧ್ವನಿಮುದ್ರಿತ ಪಾಠಗಳಿಂದ ಸ್ಪ್ಯಾನಿಷ್ ಕಲಿಯುತ್ತಾನೆ. ಬ್ರೆಜಿಲಿನಲ್ಲಿ ಆಡುವುದು ಪೋರ್ಚುಗೀಸ್ ಎಂದು ತಡವಾಗಿ ತಿಳಿಯುತ್ತದೆ. ಕಲಿತದ್ದೆಲ್ಲ ವ್ಯರ್ಥವೆಂಬಲ್ಲಿ ನಗೆ ಹುಟ್ಟುತ್ತದೆ. ದಕ್ಷಿಣ ಅಮೆರಿಕವನ್ನೆಲ್ಲ ಒಂದೇ ಭಾಷೆಯ ಚೀಲಕ್ಕೆ ತುಂಬುವ ಅಜ್ಞಾನ ಇಲ್ಲಿ ಚೆನ್ನಾಗಿಯೇ ಗೇಲಿಗೊಳಗಾಗಿದೆ. ಆದರೆ ಈ ‘ವ್ಯರ್ಥ’ ಎಂಬ ತೀರ್ಪು ಯಾರದು? ಜಾನ್ ಬಿ. ಜೆನ್ಸನ್ 1989ರಲ್ಲಿ ‘ಹಿಸ್ಪಾನಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಈ ಎರಡು ಭಾಷೆಗಳ ನಡುವೆ ಗಣನೀಯವಾದ ಪರಸ್ಪರ ಗ್ರಾಹ್ಯತೆಯಿದೆಯೆಂದೂ, ಅದು ಅಸಮವಾದುದೆಂದೂ ತೋರಿಸಿತು. ಪೋರ್ಚುಗೀಸ್ ಭಾಷಿಕರಿಗೆ ಸ್ಪ್ಯಾನಿಷ್ ತಿಳಿಯುವಷ್ಟು ಸ್ಪ್ಯಾನಿಷ್ ಭಾಷಿಕರಿಗೆ ಪೋರ್ಚುಗೀಸ್ ತಿಳಿಯುವುದಿಲ್ಲ. ಧ್ವನಿವ್ಯವಸ್ಥೆಯಲ್ಲೇ ಇದಕ್ಕೆ ಒಂದು ಕಾರಣ ಸಿಗುತ್ತದೆ. ಸ್ಪ್ಯಾನಿಷಿನ ಐದು ಸ್ವರಗಳೆದುರು ಬ್ರೆಜಿಲಿನ ಪೋರ್ಚುಗೀಸ್ ಒತ್ತುಳ್ಳ ಸ್ಥಾನದಲ್ಲಿ ಏಳು ಮೌಖಿಕ ಸ್ವರಗಳನ್ನೂ ಐದು ಅನುನಾಸಿಕ ಸ್ವರಗಳನ್ನೂ ಬೇರ್ಪಡಿಸುತ್ತದೆ. ಒತ್ತಿಲ್ಲದ ಸ್ವರಗಳನ್ನು ಕುಗ್ಗಿಸುತ್ತದೆ. ಸಂಕೀರ್ಣ ವ್ಯವಸ್ಥೆಯ ಕಿವಿ ಸರಳ ವ್ಯವಸ್ಥೆಯ ಮಾತನ್ನು ಹಿಡಿಯುವುದು ಸುಲಭ, ಅದರ ವಿಲೋಮ ಕಷ್ಟ. ಎಂದಮೇಲೆ ರಿಯೊದ ಬೀದಿಯಲ್ಲಿ ಬಾರ್ಟ್‌ಗೆ ಎದುರಿನವರ ಮಾತು ಅಷ್ಟಾಗಿ ತಿಳಿಯದೆ ಹೋದರೂ ಅವನ ಮಾತು ಅವರಿಗೆ ಬಹುಪಾಲು ತಿಳಿಯುತ್ತಿತ್ತು. ಅಪಹೃತ ತಂದೆಯನ್ನು ಹುಡುಕುವ ಕುಟುಂಬದಲ್ಲಿ ಭಾಷಿಕವಾಗಿ ಸಜ್ಜಾಗಿದ್ದವನು ಅವನೊಬ್ಬನೇ. ‘ಸ್ಪ್ಯಾನಿಷ್ ಅಲ್ಲದಿದ್ದರೆ ಏನೂ ಅಲ್ಲ’ ಎಂಬುದು ಇಂಗ್ಲಿಷ್ ಏಕಭಾಷಿಕನ ಭಾಷಾನಕ್ಷೆ. ಅದನ್ನು ಗೇಲಿ ಮಾಡುತ್ತಲೇ ಚಿತ್ರಕಥೆ ಅದೇ ನಕ್ಷೆಯಿಂದ ಲೆಕ್ಕ ಹಾಕುತ್ತದೆ.

ಬಾರ್ಟ್‌ನ ಬಾಯಲ್ಲಿ ಸ್ಪ್ಯಾನಿಷ್ ಹೊಸದೂ ಅಲ್ಲ. ಅವನ ಪ್ರಸಿದ್ಧ ಉದ್ಗಾರ ‘ಆಯ್ ಕರಾಂಬಾ’ ಸ್ಪ್ಯಾನಿಷಿನದೇ. ಅಮೆರಿಕದ ಇಂಗ್ಲಿಷ್ ಭಾಷಿಕರು ಹಾಸ್ಯಕ್ಕೆಂದು ಚೂರುಪಾರು ಸ್ಪ್ಯಾನಿಷ್ ಬೆರೆಸುವ ರೂಢಿಯನ್ನು ಜೇನ್ ಹಿಲ್ ‘ಅಣಕು ಸ್ಪ್ಯಾನಿಷ್’ ಎಂದು ಕರೆದರು. ನೇರವಾಗಿ ಅದು ಆಡುವವನ ಲವಲವಿಕೆಯನ್ನು ಸೂಚಿಸಿದರೆ, ಪರೋಕ್ಷವಾಗಿ ಆ ಭಾಷೆಯವರನ್ನು ಕುರಿತ ತಾತ್ಸಾರವನ್ನು ಮರುಹುಟ್ಟಿಸುತ್ತದೆಂಬುದು ಅವರ ವಾದ. ಪ್ರತಿ ವಾರ ನಗೆಗೆಂದು ಬಳಕೆಯಾಗುವ ಭಾಷೆಯನ್ನು ಬಾರ್ಟ್ ಮೊದಲ ಬಾರಿಗೆ ಗಂಭೀರವಾಗಿ ಕಲಿತಾಗ ಅದು ತಪ್ಪು ಭಾಷೆಯಾಗುತ್ತದೆ. ಬರಹಗಾರರು ಈ ವ್ಯಂಗ್ಯವನ್ನು ಗಮನಿಸಿದ್ದರೆ ಸಂಚಿಕೆ ಬೇರೆಯೇ ಆಗುತ್ತಿತ್ತು.

ಗಮನಿಸಿರಲಿಲ್ಲ ಎಂಬುದಕ್ಕೆ ಸಾಕ್ಷಿ ಕಥೆಯ ಅಂತ್ಯದಲ್ಲಿದೆ. ಕಾಣೆಯಾದ ರೊನಾಲ್ಡೊ ಮಕ್ಕಳ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ‘ಫ್ಲಮೆಂಕೊ ಫ್ಲಮಿಂಗೊ’ ಎಂಬ ವೇಷ ಧರಿಸಿ ಕುಣಿಯುತ್ತಿರುತ್ತಾನೆ. ಫ್ಲಮೆಂಕೊ ಸ್ಪೇನಿನ ಆಂಡಲೂಸಿಯಾದ ನೃತ್ಯ. ಸ್ಪ್ಯಾನಿಷಿನಲ್ಲಿ ಆ ನೃತ್ಯಕ್ಕೂ ರಾಜಹಂಸದಂತಹ ಆ ಗುಲಾಬಿ ಹಕ್ಕಿಗೂ ‘ಫ್ಲಮೆಂಕೊ’ ಎಂಬ ಒಂದೇ ಪದವಿದ್ದು, ಇಂಗ್ಲಿಷಿನಲ್ಲಿ ಅದು ಪ್ರಾಸದಂತೆ ಕೇಳುವ ಎರಡು ಪದಗಳಾಗುತ್ತದೆ. ಬಾರ್ಟ್ ಮಾಡಿದ ತಪ್ಪನ್ನೇ ಸಂಚಿಕೆಯೂ ಮಾಡಿ ಮುಗಿಸುತ್ತದೆ: ರಿಯೊಗೆ ಬಂದು ಸ್ಪ್ಯಾನಿಷ್ ಶ್ಲೇಷೆಯಾಡುತ್ತದೆ. ಇದಕ್ಕಿಂತ ಸೊಗಸಾದ ಸ್ಥಳೀಯ ಶ್ಲೇಷೆ ಕೈಯಳತೆಯಲ್ಲೇ ಇತ್ತು. ಫ್ಲಮೆಂಗೊ ಆ ನಗರದ ಒಂದು ಬಡಾವಣೆ. ಅದರ ಹೆಸರು ಹೊತ್ತ ಫುಟ್‌ಬಾಲ್ ಕ್ಲಬ್ಬು ದೇಶದಲ್ಲೇ ಅತ್ಯಂತ ಜನಪ್ರಿಯವಾದವುಗಳಲ್ಲೊಂದು. ಹುಡುಗನಿಗೆ ಫುಟ್‌ಬಾಲ್ ಆಟಗಾರನ ಹೆಸರಿಟ್ಟ ಚಿತ್ರಕಥೆಗೆ ಈ ಪದ ಕೇಳಿಸಲೇ ಇಲ್ಲ. ಹೆಸರಿನ ಮಾತು ಬಂದಿತು: ರಿಯೊದವರು ಅದನ್ನು ಸುಮಾರಾಗಿ ‘ಹೊನಾವ್ದು’ ಎನ್ನುತ್ತಾರೆ. ಪದಾದಿಯ ರಕಾರ ಗಂಟಲಿಗೆ ಜಾರುತ್ತದೆ, ಉಚ್ಚಾರಾಂಶದ ಕೊನೆಯ ಲಕಾರ ಸ್ವರವಾಗುತ್ತದೆ. ಬರಹದಲ್ಲಷ್ಟೇ ಬಲ್ಲ ಹೆಸರನ್ನು ಬೀದಿಯಲ್ಲಿ ಕೇಳಿದಾಗ ಗುರುತಿಸಲಾರದ ಲಿಸಾಳನ್ನು ಕಲ್ಪಿಸಿಕೊಳ್ಳಿ. ಹುಡುಕಾಟದ ಕಥೆಗೆ ಇಂತಹ ತೊಡಕು ವರದಾನ. ಆದರೆ ಆ ಹುಡುಗ ಲಿಸಾಳೊಡನೆ ಇಂಗ್ಲಿಷಿನಲ್ಲೇ ಮಾತನಾಡುತ್ತಾನೆ.

ಅರ್ಧ ಗಂಟೆಯ ಕಾರ್ಟೂನಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುವುದು ಅನಿವಾರ್ಯ ರೂಢಿಯಲ್ಲವೇ ಎಂಬ ಆಕ್ಷೇಪ ಸಹಜ. ಇದಕ್ಕೆ ಉತ್ತರ ಇದೇ ಧಾರಾವಾಹಿಯ ಮೊದಲ ಸರಣಿಯಲ್ಲಿದೆ. 1990ರ ‘ದ ಕ್ರೆಪ್ಸ್ ಆಫ್ ರಾತ್’ನಲ್ಲಿ ವಿದ್ಯಾರ್ಥಿ ವಿನಿಮಯದ ಹೆಸರಿನಲ್ಲಿ ಫ್ರಾನ್ಸಿಗೆ ಹೋದ ಬಾರ್ಟ್ ಇಬ್ಬರು ದ್ರಾಕ್ಷಾರಸ ತಯಾರಕರ ಕೈಯಲ್ಲಿ ಜೀತದಾಳಾಗುತ್ತಾನೆ. ಬೀದಿಯಲ್ಲಿ ಸಿಕ್ಕ ಪೊಲೀಸನಿಗೆ ಇಂಗ್ಲಿಷಿನಲ್ಲಿ ಗೋಳು ಹೇಳಿಕೊಂಡರೆ ಆತನಿಗೆ ತಿಳಿಯದು. ಮಿಠಾಯಿ ಕೊಟ್ಟು ಕಳಿಸುತ್ತಾನೆ. ಫ್ರೆಂಚ್ ಕಲಿಯಲಾಗಲಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತ ನಡೆಯುವ ಬಾರ್ಟ್‌ನ ಸ್ವಗತ ನಡುವೆಯೇ ಫ್ರೆಂಚಿಗೆ ತಿರುಗುತ್ತದೆ. ಭಾಷಾಗಳಿಕೆಯ ಅಧ್ಯಯನದಲ್ಲಿ ‘ಮೌನದ ಅವಧಿ’ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಹಾಸ್ಯದೃಶ್ಯ ನಮಗೆ ಗೊತ್ತಿಲ್ಲ, ಅದು ಎಷ್ಟೇ ಉತ್ಪ್ರೇಕ್ಷೆಯಾಗಿರಲಿ. ಮನೆಗೆ ಮರಳಿದ ಮಗ ಫ್ರೆಂಚಿನಲ್ಲಿ ತನ್ನನ್ನು ಮೂರ್ಖನೆಂದಾಗ ಹೋಮರ್ ಹೆಮ್ಮೆಪಡುತ್ತಾನೆ. ಇಲ್ಲಿ ಅಜ್ಞಾನ ನಿಜಕ್ಕೂ ಪ್ರವಾಸಿಯ ಕಡೆಯದು. ನಗೆ ನಿಲ್ಲುವುದು ಎದುರಿನ ಭಾಷೆಗೆ ತನ್ನದೇ ಅರ್ಥಸಾಮರ್ಥ್ಯವಿದೆಯೆಂಬುದರ ಮೇಲೆ. (ಹನ್ನೆರಡು ವರ್ಷಗಳ ಬಳಿಕವೂ ಹತ್ತೇ ವಯಸ್ಸಿನ ಬಾರ್ಟ್ ರಿಯೊಗೆ ಹೊರಡುವಾಗ ಆ ಫ್ರೆಂಚ್ ಎಲ್ಲಿ ಹೋಯಿತೆಂದು ಕೇಳುವುದು ಕಾರ್ಟೂನಿಗೆ ಮಾಡುವ ಅನ್ಯಾಯವಾದೀತು.)

ರಿಯೊದ ಮಾದರಿಯೇ ಮುಂದುವರಿಯಿತೆಂಬುದನ್ನು ಕನ್ನಡದ ಓದುಗರು ತಮ್ಮ ನೆಲದಲ್ಲೇ ಪರೀಕ್ಷಿಸಬಹುದು. 2006ರ ಏಪ್ರಿಲ್ 9ರ ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’ನಲ್ಲಿ ಹೋಮರ್ ದುಡಿಯುವ ಅಣುಸ್ಥಾವರದ ಕೆಲಸವೇ ಹೊರಗುತ್ತಿಗೆಯಾಗಿ ನಮ್ಮಲ್ಲಿಗೆ ಬರುತ್ತದೆ. ಇಲ್ಲಿ ಅವನಿಗೆ ಜೊತೆಯಾಗುವ ಕವಿ ಎಂಬಾತ ಅಮೆರಿಕದ ಕಂಪನಿಗಳಿಗೆ ಕಾಲ್ ಸೆಂಟರಿನಲ್ಲಿ ದುಡಿಯುವವನು. ಬಹುಭಾಷಿಕ ನಗರವೊಂದು ಇಂಗ್ಲಿಷಿನ ಉಚ್ಚಾರಭೇದಕ್ಕೆ ಇಳಿದುಬಿಡುತ್ತದೆ. ಕನ್ನಡವೆಂಬ ಭಾಷೆಯ ಅಗತ್ಯ ಕಥೆಗೆ ಬೀಳುವುದೇ ಇಲ್ಲ. ಶೀರ್ಷಿಕೆಯ ಶ್ಲೇಷೆಯೂ ಊರಿನ ಹೆಸರಿನ ಇಂಗ್ಲಿಷ್ ರೂಪವನ್ನೇ ಆಶ್ರಯಿಸಿದೆ. 2014ರ ನವೆಂಬರ್ 1ರಿಂದ ಅಧಿಕೃತವಾದ ‘ಬೆಂಗಳೂರು’ ಎಂಬ ರೂಪದಲ್ಲಿ ಅದು ಸಿದ್ಧಿಸದು.

ಇನ್ನು ಡಬ್ಬಿಂಗ್. ಬ್ರೆಜಿಲಿನ ಪ್ರೇಕ್ಷಕರು ಈ ಕುಟುಂಬವನ್ನು ವರ್ಷಗಳ ಕಾಲ ಪೋರ್ಚುಗೀಸಿನಲ್ಲಿ ಕೇಳಿದವರು. ಅವರ ಹೋಮರ್, ಅವರ ಲಿಸಾ ಆ ಭಾಷೆಯಲ್ಲೇ ಜಗಳವಾಡಿ, ಅತ್ತು, ನಕ್ಕವರು. ಅದೇ ಬಾರ್ಟ್ ವಿಮಾನವೇರಿ, ಅಚ್ಚ ಪೋರ್ಚುಗೀಸಿನಲ್ಲಿ ಮಾತನಾಡುತ್ತಲೇ, ಬ್ರೆಜಿಲಿನವರು ಆಡುವ ಪೋರ್ಚುಗೀಸ್ ತನಗೆ ಬಾರದೆಂದು ಪೇಚಾಡಬೇಕು. ಅನುವಾದಕನು ಭಾಷೆಯ ಹೆಸರು ಬದಲಿಸಿದರೆ ನಗೆ ಹೋಗುತ್ತದೆ, ಉಳಿಸಿದರೆ ಪಾತ್ರವೇ ಬಿರುಕುಬಿಡುತ್ತದೆ. ಅಪಹರಣ, ಕೋತಿ, ಇಲಿಗಳ ಬಗ್ಗೆ ರಿಯೊ ನಗರ ದೂರಿಕೊಂಡದ್ದು ದಾಖಲಾಗಿದೆ. ಆದರೆ ತಮ್ಮ ಮನೆಮಾತಿನಲ್ಲೇ ಬೆಳೆದ ಒಂದು ಕುಟುಂಬ ತಮ್ಮ ಊರಿಗೆ ಬಂದಿಳಿದೊಡನೆ ಆ ಮಾತು ತನಗೆ ತಿಳಿಯದೆಂದದ್ದು ಡಬ್ಬಿಂಗಿನ ಕೇಳುಗರ ಕಿವಿಗೆ ಮಾತ್ರ ಬೀಳಬಹುದಾದ ಸಂಗತಿ. ಇಂಗ್ಲಿಷ್ ಮೂಲವನ್ನಷ್ಟೇ ಮುಂದಿಟ್ಟುಕೊಂಡು ನಡೆಯುವ ಯಾವ ವಿಮರ್ಶೆಗೂ ಅದು ಸಿಗಲಾರದು.