ಜಾಗಿನ್ಸ್‌ನ ನಿಂತ ಮರಗಳು ಮತ್ತು ಜಲಪ್ರಳಯವಾದ

ಹಲವು ಶಿಲಾಪದರಗಳನ್ನು ಹಾದು ನೆಟ್ಟಗೆ ನಿಂತಿರುವ ಮರದ ಪಳೆಯುಳಿಕೆಯನ್ನು ತೋರಿಸಿ, ಈ ಪದರಗಳು ಲಕ್ಷಾಂತರ ವರ್ಷಗಳಲ್ಲಿ ಕೂಡಿದ್ದಾದರೆ ಮರ ಕೊಳೆಯದೆ ಉಳಿಯುತ್ತಿತ್ತೇ ಎಂದು ಕೇಳುವುದು ಸೃಷ್ಟಿವಾದಿಗಳ ರೂಢಿ. ಎಲ್ಲವೂ ನೋವನ ಕಾಲದ ಜಲಪ್ರಳಯದಲ್ಲಿ ಒಮ್ಮೆಲೇ ಆಯಿತೆಂಬ ಉತ್ತರವನ್ನೂ ಅವರೇ ಕೊಡುತ್ತಾರೆ. 1961ರಲ್ಲಿ ಅಮೆರಿಕದ ವಿಟ್‌ಕೂಂ ಮತ್ತು ಮಾರಿಸ್ ಪ್ರಕಟಿಸಿದ 'ದ ಜೆನೆಸಿಸ್ ಫ್ಲಡ್' ಗ್ರಂಥದಿಂದ ಬಲಗೊಂಡ ಈ ಪಂಥದ ವಾದವನ್ನು ನಗೆಯಾಡಿ ತಳ್ಳಿಹಾಕುವುದಕ್ಕಿಂತ ಪರಿಶೀಲಿಸುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.

ವಾದದ ಅರ್ಧಭಾಗ ಸತ್ಯ. ಮರದ ಬುಡ ಬೇಗನೆ ಹೂತುಹೋಗಿರಲೇಬೇಕು. ಇದನ್ನು ಭೂವಿಜ್ಞಾನಿಗಳು ಅಲ್ಲಗಳೆಯುವುದಿಲ್ಲ. ಆದರೆ ಒಂದು ಮರ ಬೇಗನೆ ಹೂತುಹೋಯಿತೆಂಬುದರಿಂದ ಇಡೀ ಶಿಲಾರಾಶಿಯೇ ಬೇಗನೆ ಕೂಡಿತೆಂದು ಸಿದ್ಧವಾಗುವುದಿಲ್ಲ.

ಕೆನಡಾದ ನೋವಾ ಸ್ಕೋಶಿಯದಲ್ಲಿರುವ ಜಾಗಿನ್ಸ್ ಕಡಲಬಂಡೆಗಳನ್ನೇ ನೋಡೋಣ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಬಂಡೆಗಳನ್ನು ಫಂಡಿ ಕೊಲ್ಲಿಯ ಭಾರಿ ಉಬ್ಬರವಿಳಿತ ಕೊರೆದು ಹೊಸ ಮರಗಳನ್ನು ಬಯಲಿಗೆ ತರುತ್ತಲೇ ಇರುತ್ತದೆ. ಸುಮಾರು 31 ಕೋಟಿ ವರ್ಷಗಳ ಹಿಂದೆ ಇಲ್ಲಿ ಜೌಗುಕಾಡಿತ್ತು. ಲೈಕೊಪ್ಸಿಡ್ ಬಳಗದ ಆ ಮರಗಳ ತೊಗಟೆ ಗಟ್ಟಿ, ಒಳಭಾಗ ಮೆದು. ನೆಲ ಕುಸಿಯುತ್ತಿದ್ದ ಆ ತಗ್ಗಿನಲ್ಲಿ ನೆರೆ ತಂದ ಹೂಳು ಬುಡವನ್ನು ಮುಚ್ಚಿತು. ಮರ ಸತ್ತು ಮೇಲ್ಭಾಗ ಮುರಿದುಬಿತ್ತು. ಒಳಗೆಲ್ಲ ಕೊಳೆತು ತೊಗಟೆಯ ಕೊಳವೆ ಮಾತ್ರ ಉಳಿಯಿತು. ಅದರಲ್ಲಿ ಮರಳು ತುಂಬಿ ಕಲ್ಲಾಯಿತು. ಬುಡ ಹೂತುಹೋಗಲು ಬಹುಕಾಲ ಬೇಕಿಲ್ಲ. ಆದರೆ ಆ ಹೂಳಿನ ಮೇಲೆ ಮತ್ತೆ ಬೇರು ಬಿಟ್ಟು ಮತ್ತೊಂದು ಕಾಡು ಬೆಳೆದಿದೆ, ಅದರ ಮೇಲೆ ಇನ್ನೊಂದು. ಹೀಗೆ ಒಂದರ ಮೇಲೊಂದರಂತೆ 60ಕ್ಕೂ ಹೆಚ್ಚು ಕಾಡುಗಳ ನೆಲೆ ಅಲ್ಲಿದೆ. ಒಂದೇ ವರ್ಷದ ಪ್ರಳಯದಲ್ಲಿ ಅಷ್ಟು ಸಲ ಕಾಡು ಬೆಳೆಯುವುದೆಂತು?

ಮರಗಳು ತೇಲಿಬಂದು ನೆಟ್ಟಗೆ ನಿಂತವು ಎಂಬುದು ಅವರ ಪ್ರತ್ಯುತ್ತರ. 1980ರಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದ ಮೇಲೆ ಸ್ಪಿರಿಟ್ ಸರೋವರದಲ್ಲಿ ಕೆಲವು ಮರಗಳು ಬುಡ ಕೆಳಗಾಗಿ ತೇಲಿದ್ದು ನಿಜ. ಆದರೆ ಜಾಗಿನ್ಸ್‌ನಲ್ಲಿ ಬೇರುಗಳ ಸೂಕ್ಷ್ಮ ಎಳೆಗಳು ಸಹ ಕೆಳಗಿನ ಜೇಡಿಯಲ್ಲಿ ಹರಡಿಕೊಂಡೇ ಇವೆ. ಕಾಳ್ಗಿಚ್ಚಿನ ಇದ್ದಿಲಿದೆ, ಪ್ರಾಣಿಗಳ ಹೆಜ್ಜೆಗುರುತುಗಳಿವೆ. 1852ರಲ್ಲಿ ಚಾರ್ಲ್ಸ್ ಲಯೆಲ್ ಮತ್ತು ವಿಲಿಯಂ ಡಾಸನ್ ಅಂಥದೊಂದು ಪೊಳ್ಳು ಬುಡದಲ್ಲಿ ಚಿಕ್ಕ ನಾಲ್ಕುಕಾಲಿಯ ಎಲುಬುಗಳನ್ನೂ ನೆಲವಾಸಿ ಬಸವನಹುಳುವನ್ನೂ ಕಂಡರು. ಈವರೆಗೆ ತಿಳಿದಿರುವ ಅತಿ ಪ್ರಾಚೀನ ಸರೀಸೃಪಗಳಲ್ಲೊಂದಾದ ಹೈಲೊನೋಮಸ್ ದೊರೆತದ್ದೂ ಅಲ್ಲಿಯ ಬುಡಗಳಲ್ಲೇ.

ಡಾಸನ್ನರು ನಾಸ್ತಿಕರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅವರು ನಿಷ್ಠಾವಂತ ಪ್ರೆಸ್ಬಿಟೇರಿಯನ್ನರು, ಡಾರ್ವಿನ್ನನ ವಿರೋಧಿ. ಹಾಗಿದ್ದೂ ಭೂಮಿಯ ಪ್ರಾಚೀನತೆಯನ್ನು ಒಪ್ಪಿದರು, ಆದಿಕಾಂಡದ ದಿನಗಳನ್ನು ದೀರ್ಘಯುಗಗಳೆಂದು ಓದಿದರು. ಈ ಸಮನ್ವಯವನ್ನೂ ನಾವು ಒಪ್ಪಲಾರೆವು. ಅದು ಪವಿತ್ರ ಗ್ರಂಥಕ್ಕೆ ಭೂವಿಜ್ಞಾನದ ಪ್ರಶ್ನೆಯನ್ನೇ ಹಾಕುತ್ತದೆ. ಆದರೂ ಕಲ್ಲು ಹೇಳಿದ್ದನ್ನು ಅವರು ತಿರುಚಲಿಲ್ಲ. ನಿಸರ್ಗದ ವಿಷಯದಲ್ಲಿ ಕ್ರೈಸ್ತನು ಪವಿತ್ರ ಗ್ರಂಥದ ಹೆಸರಿನಲ್ಲಿ ಅಸಂಗತವಾಡಿದರೆ, ಅರಿತ ಅಕ್ರೈಸ್ತರು ಪುನರುತ್ಥಾನದ ಮಾತನ್ನೂ ನಂಬರೆಂದು ಸಂತ ಅಗಸ್ಟೀನರು ಆದಿಕಾಂಡದ ಮೇಲಿನ ತಮ್ಮ ವ್ಯಾಖ್ಯಾನದಲ್ಲಿ ಎಚ್ಚರಿಸಿದ್ದಾರೆ. ನಮ್ಮ ಧರ್ಮಕೇಂದ್ರಗಳ ಯುವಜನರಿಗೆ ಈ ಮಾತು ಇನ್ನೂ ಹತ್ತಿರದ್ದು: ಮರದ ಬುಡಕ್ಕೆ ಕಟ್ಟಿದ ವಿಶ್ವಾಸವು ಕಾಲೇಜಿನ ಮೊದಲ ಭೂವಿಜ್ಞಾನ ಪಾಠದಲ್ಲೇ ಅಲುಗಾಡುತ್ತದೆ.

ಗ್ರಂಥಕರ್ತನ ಉದ್ದೇಶವನ್ನು ಸಾಹಿತ್ಯ ಪ್ರಕಾರಗಳ ಮೂಲಕ ಅರಸಬೇಕೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ 'ದೇಯಿ ವೆರ್ಬುಂ' ಸಂವಿಧಾನದ 12ನೆಯ ಪರಿಚ್ಛೇದದಲ್ಲಿ ಬೋಧಿಸಿತು. ಪ್ರಳಯವಾದಿಗಳ ಬಗ್ಗೆ ನಮ್ಮ ಮುಖ್ಯ ಆಕ್ಷೇಪವಿರುವುದೂ ಇಲ್ಲಿಯೇ. ಮನುಷ್ಯನ ಕೇಡನ್ನು ಕಂಡು ನೊಂದುಕೊಳ್ಳುವ ದೇವರು, ಸಕಲ ಜೀವಿಗಳೊಡನೆ ಆತ ಮಾಡುವ ಒಡಂಬಡಿಕೆ, ಇವು ಆದಿಕಾಂಡದ 6ರಿಂದ 9ರವರೆಗಿನ ಅಧ್ಯಾಯಗಳ ತಿರುಳು. ಹೂಳಿನ ಲೆಕ್ಕಾಚಾರದ ನಡುವೆ ಆ ತಿರುಳಿಗೆ ಎಡೆಯೇ ಉಳಿಯುವುದಿಲ್ಲ.