ಯಾರಿಗೆ ಬಣ್ಣ ಹಚ್ಚಬೇಕು?

ನಮ್ಮ ಜಿಲ್ಲೆಯಲ್ಲೇ ಒಂದು ರಮಜಾನಿನ ಸಂಜೆ. ಒಂದು ಸಂಘದವರು ರೇಷನ್ ಕಿಟ್ ಹಂಚುತ್ತಿದ್ದರು. ಹಿಂದೆ ಬ್ಯಾನರು, ಅದರ ತುಂಬ ದಾನಿಗಳ ಫೋಟೊ. ಹೈಸ್ಕೂಲಿನ ಹುಡುಗಿಯೊಬ್ಬಳು ಅಮ್ಮನ ಬದಲಿಗೆ ಸಾಲಿನಲ್ಲಿ ನಿಂತಿದ್ದಳು. ಚೀಲ ಕೈಗೆ ಬರುವ ಹೊತ್ತಿಗೆ ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಳು. “ಮುಖ ತೋರಿಸಮ್ಮ, ದುಡ್ಡು ಕೊಟ್ಟೋರಿಗೆ ಫೋಟೊ ಕಳಿಸ್ಬೇಕು” ಎಂದರು ಮೊಬೈಲ್ ಹಿಡಿದವರು. ಅವರು ಕೆಟ್ಟವರಲ್ಲ. ಫೋಟೊ ಹೋದರೆ ಮುಂದಿನ ವರ್ಷ ಇನ್ನಷ್ಟು ಮನೆಗಳಿಗೆ ಅಕ್ಕಿ ಸಿಗುತ್ತದೆ ಎಂಬುದು ಅವರ ಲೆಕ್ಕ. ಪಕ್ಕದಲ್ಲೇ ಇದ್ದ ನಾನೂ ಸುಮ್ಮನಿದ್ದೆ. ಅಂದು ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಳ್ಳೆಯ ಕೆಲಸಕ್ಕೆ ಜನರಿಂದ ಹಣ ಎತ್ತುವುದು ಒಂದು ಕಲೆ. ಅದಕ್ಕೂ ಒಂದು ರಂಗವಿದೆ, ಪಾತ್ರಧಾರಿಗಳಿದ್ದಾರೆ, ಪ್ರೇಕ್ಷಕರಿದ್ದಾರೆ. ಹಾಗಿದ್ದ ಮೇಲೆ ಅದಕ್ಕೂ ವಿಮರ್ಶೆ ಬೇಕು. ಎಷ್ಟು ಹಣ ಬಂತು ಎಂದು ಎಲ್ಲರೂ ಕೇಳುತ್ತೇವೆ. ಆ ಹಣಕ್ಕಾಗಿ ಯಾರನ್ನು ರಂಗಕ್ಕೆ ಹತ್ತಿಸಿದೆವು ಎಂದು ಕೇಳುವುದಿಲ್ಲ.

ರಂಗದ ಮಾತು ಬಂದಾಗ ಮಂಡ್ಯದ ಕಲಾಮಂದಿರ ನೆನಪಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಏಳುವ ಬಗೆ ಎಲ್ಲರಿಗೂ ಗೊತ್ತು. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಕ್ಕೆ ಇಷ್ಟೆಂದು ಹಣ ನಿಗದಿಯಾಗುತ್ತದೆ. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಬಾಗಿಲು ಕಾಯುವವನಿಗೆ ಕಡಿಮೆ. ಆ ಹಣದಲ್ಲೇ ಸೀನರಿ, ಮೇಕಪ್ಪು, ಮೈಕು, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ. ನೋಡಲು ಬಂದ ಊರಿಗೆ ಟಿಕೆಟ್ಟಿಲ್ಲ. ಅಂದರೆ ದುಡ್ಡು ಕೊಟ್ಟವನೇ ಬಣ್ಣ ಹಚ್ಚಿಕೊಂಡು, ಕಿರೀಟ ಹೊತ್ತು, ತಾಳ ತಪ್ಪಿದರೆ ನಗಿಸಿಕೊಂಡು ನಿಲ್ಲಬೇಕು.

ಈ ಪದ್ಧತಿಯ ದೋಷ ನನಗೆ ಕಾಣದೆ ಇಲ್ಲ. ಕಂಠವಿದ್ದವನು ಬಾಗಿಲು ಕಾಯುತ್ತಾನೆ, ಕಾಸಿದ್ದವನು ಗದೆ ಎತ್ತುತ್ತಾನೆ. ಪಾತ್ರದ ಹುಚ್ಚಿಗೆ ಸಾಲ ಮಾಡಿಕೊಂಡವರೂ ಇದ್ದಾರೆ. ಆದರೂ ಒಂದು ವಿಷಯದಲ್ಲಿ ಅದು ನಮ್ಮ ಕಿಟ್ ಸಮಾರಂಭಕ್ಕಿಂತ ಮೇಲು. ಅಲ್ಲಿ ಹೆಸರಿನ ಆಸೆಗೆ ಬೆಲೆ ತೆರುವವನು ಕೊಟ್ಟವನೇ. ನಮ್ಮಲ್ಲಿ ಹೆಸರು ದಾನಿಗೆ, ಅದರ ಬೆಲೆ ಆ ಹುಡುಗಿಯ ಮುಖ.

ಮದುವೆ ಮನೆಯ ಮುಯ್ಯಿಯನ್ನು ನೋಡಿ. ಚಪ್ಪರದಲ್ಲಿ ಒಬ್ಬರು ನೋಟುಪುಸ್ತಕ ಹಿಡಿದು ಕೂರುತ್ತಾರೆ. ಐವತ್ತೋ ಐನೂರೋ ಬರೆಸುತ್ತೇವೆ. ನಾಳೆ ನಮ್ಮ ಮನೆಯ ಮದುವೆಗೆ ಅದು ತಿರುಗಿ ಬರುತ್ತದೆ. ಒಂದು ಬಡ ಮನೆಯ ಮದುವೆಯ ಖರ್ಚನ್ನು ಊರೇ ಎತ್ತಿದ್ದರೂ ಯಾರೂ ಅದನ್ನು ದಾನವೆನ್ನುವುದಿಲ್ಲ. ಇಂದು ಪಡೆದವನು ನಾಳೆ ಕೊಡುವವನು ಎಂದು ಪುಸ್ತಕವೇ ಸಾಕ್ಷಿ ಹೇಳುತ್ತದೆ. ಹಾಗಾಗಿ ಯಾರ ತಲೆಯೂ ತಗ್ಗುವುದಿಲ್ಲ.

ನಮ್ಮ ಸಮುದಾಯಕ್ಕೂ ಇಂಥ ಅರಿವು ಇಲ್ಲದಿಲ್ಲ. ‘ಚಂದಾ’ ಎಂಬ ಮಾತು ಫಾರ್ಸಿಯ ‘ಚಂದ್’ನಿಂದ ಬಂದದ್ದು, ಚಂದ್ ಎಂದರೆ ‘ಒಂದಿಷ್ಟು’. ಎಲ್ಲರಿಂದಲೂ ಒಂದಿಷ್ಟು ಎಂಬ ಭಾವ ಆ ಮಾತಿನಲ್ಲೇ ಇದೆ. ರಸೀದಿ ಪುಸ್ತಕ ಹಿಡಿದು ಊರೂರು ತಿರುಗುವ ಮದರಸದವರನ್ನು ಉರ್ದುವಿನಲ್ಲಿ ‘ಸಫೀರ್’ ಎನ್ನುತ್ತಾರೆ. ರಾಯಭಾರಿಗೂ ಅದೇ ಮಾತು. ಬಕ್ರೀದಿನಲ್ಲಿ ಕುರ್ಬಾನಿ ಚರ್ಮವನ್ನು ಮದರಸಗಳಿಗೆ ಕೊಡುವ ವಾಡಿಕೆ ಎಂಥ ಜಾಣ ಉಪಾಯವಾಗಿತ್ತು! ಯಾರ ಜೇಬಿಗೂ ಭಾರವಿಲ್ಲ, ಯಾವ ಅನಾಥ ಮಗುವಿನ ಮುಖವನ್ನೂ ತೋರಿಸಬೇಕಿಲ್ಲ. 2010ರ ದಶಕದಲ್ಲಿ ಚರ್ಮದ ಬೆಲೆ ಕುಸಿದು ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಇನ್ನು ಜಕಾತಿನ ವಿಷಯದಲ್ಲಿ ಹನಫಿ ಫಿಕ್ಹ್ ಎಷ್ಟು ಸೂಕ್ಷ್ಮವೆಂದರೆ, ಪಡೆಯುವವನಿಗೆ ‘ಇದು ಜಕಾತ್’ ಎಂದು ಹೇಳಲೇಬೇಕಿಲ್ಲ. ಕೊಡುವವನ ನಿಯ್ಯತ್ತಿನಲ್ಲಿದ್ದರೆ ಸಾಕು, ಉಡುಗೊರೆಯೆಂದು ಕೊಟ್ಟರೂ ಸಲ್ಲುತ್ತದೆ. ಇಷ್ಟು ನಾಜೂಕಿನ ಕಾನೂನನ್ನು ಓದಿದವರೇ ಬ್ಯಾನರ್ ಕಟ್ಟುತ್ತಿದ್ದಾರೆ!

ಕೇಳುವ ಕಲೆಯ ಅತಿ ದೊಡ್ಡ ಕಥೆ ಇರುವುದೂ ನಮ್ಮ ಈ ಸೀಮೆಯಲ್ಲೇ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮದ್ದೂರು ಸೀಮೆಯ ನಿಡಘಟ್ಟದ ಕಮ್ಮಾರ ಮನೆಯ ಹುಡುಗ ಕೆಂಪಾಚಾರಿ ಗುರುವಿನ ಶಿಷ್ಯನಾಗಿ ಸಿದ್ದಪ್ಪಾಜಿಯಾಗುತ್ತಾನೆ. ಗುರು ಅವನನ್ನು ಮಳವಳ್ಳಿ ಸೀಮೆಯ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅಲ್ಲಿನ ಪಾಂಚಾಳರು ಕಬ್ಬಿಣ ಇಟ್ಟುಕೊಂಡೇ ಇಲ್ಲವೆನ್ನುತ್ತಾರೆ, ಅವನನ್ನು ಬಗೆಬಗೆಯ ಪವಾಡಕ್ಕೆ ಒಡ್ಡುತ್ತಾರೆ. ನನಗೆ ಮುಖ್ಯವೆನಿಸುವುದು ಇದು: ಕಥೆಯಲ್ಲಿ ಪರೀಕ್ಷೆಗೆ ನಿಲ್ಲುವವನು ಭಿಕ್ಷೆ ಕೇಳಲು ಬಂದವನು. ಈ ಕಾಲದ ಸಂಘಗಳಿಗೆ ಪವಾಡವೆಂದರೆ ಲೆಕ್ಕ ಕೊಡುವುದು. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಮಸೀದಿಯ ಗೋಡೆಗೆ ಅಂಟಿಸುವ ಧೈರ್ಯವಿದ್ದರೆ ಯಾರ ಫೋಟೊವೂ ಬೇಕಾಗುವುದಿಲ್ಲ. ಲೆಕ್ಕ ತೋರಿಸಲಾಗದ ಕಡೆಯೇ ಕಣ್ಣೀರನ್ನು ಹೆಚ್ಚು ತೋರಿಸಬೇಕಾಗುತ್ತದೆ.

1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ದೇಶ ಸುತ್ತುತ್ತಾ ಕೊಡಗಿಗೂ ಬಂದರು. ತಮಗೆ ಬಂದ ಉಡುಗೊರೆಗಳನ್ನು ಸಭೆಯಲ್ಲೇ ಹರಾಜು ಹಾಕಿ ನಿಧಿಗೆ ಸೇರಿಸುವುದು ಅವರ ರೂಢಿ. ಅವರು ತನ್ನ ಮನೆಗೆ ಬರಬೇಕೆಂದು ಕತೆಗಾರ್ತಿ ಕೊಡಗಿನ ಗೌರಮ್ಮ ಉಪವಾಸ ಕೂತರು. ಬಂದಾಗ ಒಡವೆಗಳನ್ನು ಬಿಚ್ಚಿಕೊಟ್ಟರು. ಆ ಪ್ರಸಂಗದಲ್ಲಿ ನಮಗೆ ಇಂದಿಗೂ ಕಾಣುವುದು ಒಡವೆ ಬಿಚ್ಚಿದ ಕೈ. ಅದನ್ನು ಪಡೆದವರ ದೈನ್ಯವಲ್ಲ.

ಈಗ ಕಾಲ ಬೇರೆ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಿಲಾಪ್‌ನಂಥ ಜಾಲತಾಣಗಳಿಂದ ಎಷ್ಟೋ ಕುಟುಂಬಗಳು ಆಸ್ಪತ್ರೆಯ ಬಿಲ್ಲು ಕಟ್ಟಿವೆ. ಅದು ಸಣ್ಣ ಮಾತಲ್ಲ. ಮಗುವಿನ ಜೀವ ಹೋಗುತ್ತಿರುವಾಗ ತಾಯಿ ಫೋಟೊ ಹಾಕಿದರೆ ತಪ್ಪೆನ್ನಲು ನಾನು ಯಾರು? ಅದು ಅವಳೇ ಮಾಡಿಕೊಂಡ ತೀರ್ಮಾನ. ಅಕ್ಕಿ, ಬೇಳೆ, ಎಣ್ಣೆಗೂ ಅದೇ ದಾರಿ ಹಿಡಿಯುವ ನಮ್ಮ ಸೋಮಾರಿತನಕ್ಕೆ ಮಾತ್ರ ಕ್ಷಮೆಯಿಲ್ಲ.

ನನ್ನ ಸಲಹೆ ದೊಡ್ಡದೇನಲ್ಲ. ಕಿಟ್ ಬದಲು ಮೊಹಲ್ಲಾದ ಅಂಗಡಿಯಲ್ಲೇ ಲೆಕ್ಕ ಬರೆಸೋಣ. ತಾಯಂದಿರು ಎಲ್ಲರಂತೆ ಹೋಗಿ ಸಾಮಾನು ತರಲಿ. ಓದುವ ಮಕ್ಕಳ ಫೀಸಿಗೆ ಒಂದು ಮುಯ್ಯಿ ಪುಸ್ತಕ ಇಡೋಣ. ದುಡಿಯುವ ದಿನ ಬಂದಾಗ ಅವರೂ ಬರೆಸಲಿ. ಹೆಸರು ಬೇಕೆನ್ನುವ ಶ್ರೀಮಂತರಿದ್ದರೆ ಅವರಿಗಾಗಿ ಒಂದು ನಾಟಕವನ್ನೇ ಆಡಿಸೋಣ, ದುರ್ಯೋಧನನ ಪಾತ್ರಕ್ಕೆ ಚೆನ್ನಾಗಿ ಕೀಳೋಣ! ಬಣ್ಣ ಹಚ್ಚುವುದಿದ್ದರೆ ಅವರಿಗೆ ಹಚ್ಚೋಣ. ದುಪಟ್ಟಾ ಎಳೆದುಕೊಂಡ ಆ ಹುಡುಗಿಯನ್ನು ಅವಳ ಪಾಡಿಗೆ ಮನೆಗೆ ಹೋಗಲು ಬಿಡೋಣ.